ದಡಕ್ಕನ ಸಣ್ಣಕ್ಷರ

ನಮ್ಮಕ್ಕನಿಗೆ ಮನೆಯವರು ಇಟ್ಟ ಹೆಸರು ಬೇರೆಯೇ ಇತ್ತು. ಶಾಲೆಯಲ್ಲಿ ಹಾಜರಿ ಕರೆಯುವವರನ್ನು ಬಿಟ್ಟರೆ ಅದನ್ನು ಯಾರೂ ಬಳಸಿದ್ದು ನನಗೆ ನೆನಪಿಲ್ಲ. ಅವಳು ಕೂತಲ್ಲಿಂದ ದಡಕ್ಕನೆ ಏಳುತ್ತಿದ್ದಳು, ದಡಕ್ಕನೆ ತಿರುಗುತ್ತಿದ್ದಳು, ತಿರುಗಿದ ಕಡೆ ಏನಿರುತ್ತಿತ್ತೋ ಅದು ದಡಕ್ಕನೆ ಬೀಳುತ್ತಿತ್ತು. ನಾನು ಅವಳಿಗಿಂತ ಎರಡು ವರ್ಷಕ್ಕೆ ಚಿಕ್ಕವಳು. ನನಗೆ ಮಾತು ಬರುವ ಹೊತ್ತಿಗೆ ಮನೆಯಲ್ಲಿ ಅತಿ ಹೆಚ್ಚು ಕೇಳಿಸುತ್ತಿದ್ದ ಮಾತು "ದಡಕ್ಕನೆ ಏಳಬೇಡವೇ" ಎಂಬುದು. ಅದನ್ನೇ ಅವಳ ಹೆಸರೆಂದುಕೊಂಡು ನಾನು "ದಡಕ್ಕ" ಎಂದು ಕರೆದೆನಂತೆ. ಹೆಸರಿನಲ್ಲೇ ಅಕ್ಕನೂ ಸೇರಿಕೊಂಡಿದ್ದಾಳೆ ಎಂದು ಅಜ್ಜಿಗೆ ಬಹಳ ಹಿಡಿಸಿತು. ಅಲ್ಲಿಂದ ಅದೇ ಗಟ್ಟಿಯಾಯಿತು.

ಹದಿಮೂರು ತುಂಬಿದ ಮೇಲೆ ಅವಳು ಬೆಳೆಯತೊಡಗಿದಳು. ಬೆಳೆದಳು ಎಂದರೆ ಸಾಲದು; ನಿಲ್ಲಿಸುವುದು ಹೇಗೆಂದು ಯಾರೂ ಹೇಳಿಕೊಡದವಳ ಹಾಗೆ ಬೆಳೆದಳು. ಅಮ್ಮ ಅವಳ ಶಾಲೆಯ ಸ್ಕರ್ಟಿನ ಅಂಚನ್ನು ಮತ್ತೆ ಮತ್ತೆ ಬಿಚ್ಚಿ ಇಳಿಸುತ್ತಿದ್ದಳು. ಹಳೆಯ ಅಂಚಿನ ಗೆರೆಗಳು ಬಟ್ಟೆಯ ಮೇಲೆ ಒಂದರ ಕೆಳಗೊಂದು ಹಾಗೇ ಉಳಿದು, ಅವಳ ವಯಸ್ಸನ್ನು ಎಣಿಸಬಹುದಾಗಿತ್ತು. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಅವಳು ಯಾವಾಗಲೂ ಏನನ್ನಾದರೂ ಹಿಡಿದುಕೊಂಡಿರುತ್ತಿದ್ದಳು. ಹಿಡಿದದ್ದು ಬೀಳುತ್ತಿತ್ತು. ಹೊಸಬರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಯಾರಾದರೂ ನೇರವಾಗಿ ನೋಡಿದರೆ ಸಾಕು, ಕಿವಿಯಿಂದ ಕುತ್ತಿಗೆಯವರೆಗೆ ಕೆಂಪಾಗಿ, ಮಾತು ಬರಬೇಕಾದ ಕಡೆ "ಹಿಹಿಹಿ" ಎಂಬ ನಗು ಬರುತ್ತಿತ್ತು. ಅದು ಅವಳದೇ ನಗು ಎಂದು ಅವಳಿಗೇ ನಂಬಿಕೆಯಾಗದಂಥ ನಗು.

ಉದ್ದ ಇದ್ದಾಳೆಂದು ಶಾಲೆಯ ನಾಟಕದಲ್ಲಿ ಅವಳಿಗೆ ಚಂದ್ರನ ಕೆಲಸ ಕೊಟ್ಟರು. ಹಿಂದಿನ ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ನಿಂತು, ಕೋಲಿಗೆ ಅಂಟಿಸಿದ ರಟ್ಟಿನ ಚಂದ್ರನನ್ನು ಎತ್ತಿ ಹಿಡಿಯಬೇಕು. ಅಷ್ಟೇ. ರಾಜ ತನ್ನ ದುಃಖ ತೋಡಿಕೊಳ್ಳುವಾಗ ಅವಳಿಗೆ ತೋಳು ನೋಯತೊಡಗಿ ಚಂದ್ರ ಮುಳುಗಿದ. ನಾಟಕ ಕಲಿಸಿದ ಮೇಡಂ ಮರೆಯಿಂದ ಕಣ್ಣು ಬಿಟ್ಟರು, ಮತ್ತೆ ಉದಯಿಸಿದ. ಮೂರನೆಯ ಸಲ ಮುಳುಗಿದಾಗ ರಾಜನ ಕಿರೀಟದ ಮೇಲೇ ಮುಳುಗಿದ. ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರೂ ಮನೆಗೆ ಹೋಗುವವರೆಗೂ ದಡಕ್ಕ ವೇಷದ ಪೆಟ್ಟಿಗೆಗಳ ನಡುವೆ ಮುದುಡಿ ಕೂತಿದ್ದಳು. ನಾನೇ ಹೋಗಿ ಕೈ ಹಿಡಿದು ಕರೆತಂದೆ.

ಮನೆಗೆ ಬಂದು ಅಜ್ಜಿಯ ಪಕ್ಕ ಕೂತಮೇಲೆ ಬಾಯಿ ಬಿಟ್ಟಳು. ಅಜ್ಜಿಗೆ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗಿದ್ದವರು ಮಸುಕಾದ ಆಕಾರವಷ್ಟೇ.

"ಅಜ್ಜೀ, ಪಾಪ ಚಂದ್ರನ ಕಷ್ಟ ನಿಂಗೊತ್ತಿಲ್ಲ," ಎಂದು ಶುರುಮಾಡಿದಳು. "ರಾಜ ಅಳೋಕೆ ನಿಂತರೆ ನಿಲ್ಲಿಸೋದೇ ಇಲ್ಲ. ಚಂದ್ರಂಗೂ ಮನೆ ಮಠ ಇರಲ್ವಾ? ಒಂದು ಸಲ ಸುಮ್ನೆ ಕೂತು ಬರ್ತೀನಿ ಅಂತ ಕೆಳಗಿಳಿದ. ಮೇಡಂ ಗದರಿಸಿದ್ರು. ಎರಡನೇ ಸಲ ಇಳಿದ..."

ಅಜ್ಜಿ ಎಷ್ಟು ನಕ್ಕಳೆಂದರೆ ಅಮ್ಮ ಒಳಗಿಂದ ಓಡಿಬಂದು ಬೆನ್ನು ತಟ್ಟಬೇಕಾಯಿತು. ದಡಕ್ಕ ಆಗ ಕೆಂಪಾಗಿರಲಿಲ್ಲ. ಕೈಗಳೂ ಎಲ್ಲಿರಬೇಕೋ ಅಲ್ಲೇ ಇದ್ದವು.

ಓದು ಮುಗಿದ ಮೇಲೆ ಕೆಲಸಕ್ಕೆ ಸೇರಿಸುವ ಪ್ರಯತ್ನಗಳು ನಡೆದವು. ಮೊದಲು ಒಂದು ದೊಡ್ಡ ಬಟ್ಟೆ ಅಂಗಡಿ. ಅಲ್ಲಿ ಕೋಟು ತೊಟ್ಟು ನಿಂತಿದ್ದವರೊಬ್ಬರಿಗೆ ಡಿಕ್ಕಿ ಹೊಡೆದು, "ಕ್ಷಮಿಸಿ ಸಾರ್, ನೋಡ್ಲಿಲ್ಲ, ಪೆಟ್ಟಾಯ್ತಾ ಸಾರ್?" ಎಂದು ಬಹಳ ಹೊತ್ತು ಕೇಳಿಕೊಂಡಳು. ಅವರು ಉತ್ತರಿಸಲಿಲ್ಲ, ಏಕೆಂದರೆ ಅದು ಗೊಂಬೆ. ಗಿರಾಕಿಗಳೆಲ್ಲ ನೋಡುತ್ತಿದ್ದಾರೆಂದು ಗೊತ್ತಾದಾಗ ಓಡಿದಳು; ಓಡುವಾಗ ಆ ಗೊಂಬೆಯ ತೋಳು ಅವಳ ಕೈಯಲ್ಲೇ ಇತ್ತು. ಆಮೇಲೆ ಹಲ್ಲಿನ ಡಾಕ್ಟರ ಬಳಿ ಹೆಸರು ಬರೆದುಕೊಳ್ಳುವ ಕೆಲಸ. ದವಡೆ ಊದಿಸಿಕೊಂಡು ಬಂದವರೊಬ್ಬರು "ಹಲ್ಲು ಕೀಳುವಾಗ ತುಂಬಾ ನೋವಾಗುತ್ತಾ?" ಎಂದು ಅವಳನ್ನೇ ನೋಡಿ ಕೇಳಿದರು. ದಡಕ್ಕನಿಂದ ಹೊರಟದ್ದು "ಹಿಹಿಹಿ." ಬಂದವರು ಬಂದ ಬಾಗಿಲಲ್ಲೇ ಹೋದರು. ಹಿಂದೆಯೇ ದಡಕ್ಕನೂ ಬಂದಳು.

"ಸುಮ್ನೆ ನನ್ನ ಜೊತೆ ಬಾ. ಸ್ಟೂಲ್ ಮೇಲೆ ಕೂತ್ಕೋ. ಗಾಜಿನ ಹತ್ರ ಮಾತ್ರ ಕೈ ಆಡಿಸಬೇಡ," ಎಂದರು ಅಪ್ಪ.

ಅಪ್ಪನದು ಕನ್ನಡಕದ ಅಂಗಡಿ. ಬೀದಿಯಿಂದ ಎರಡು ಮೆಟ್ಟಿಲು ಕೆಳಗೆ, ಬಸ್ಸಿನ ಹಾಗೆ ಉದ್ದಕ್ಕೆ ಕಿರಿದಾಗಿ ಇತ್ತು. ಎರಡೂ ಗೋಡೆಗೆ ಕನ್ನಡಿ. ಹಾಗಾಗಿ ದಡಕ್ಕನಿಗೆ ಅಲ್ಲಿ ತನ್ನಂಥವರೇ ಸಾಲುಗಟ್ಟಿ ಕಾಣುತ್ತಿದ್ದರು. ಗಾಜಿನ ಕಪಾಟಿನಲ್ಲಿ ಫ್ರೇಮುಗಳು, ಮೇಜಿನ ಮೇಲೆ ಪರೀಕ್ಷೆಯ ಗಾಜುಗಳ ಮರದ ಪೆಟ್ಟಿಗೆ, ಹಿಂದಿನ ಕೋಣೆಯಲ್ಲಿ ಲೆನ್ಸಿನ ಅಂಚು ಉಜ್ಜುವ ಕಲ್ಲಿನ ಚಕ್ರ. ಚಕ್ರದ ಮೇಲೆ ನೀರು ತೊಟ್ಟಿಕ್ಕುವ ಸದ್ದು ಇಡೀ ದಿನ ಕೇಳಿಸುತ್ತಿತ್ತು. ಅಪ್ಪ ಬಲು ಗಂಭೀರ. ಅವರಿಗೆ ನಗು ಬರುತ್ತಿರಲಿಲ್ಲ ಎಂದಲ್ಲ; ಬಂದರೆ ಅದನ್ನು ಕೆಮ್ಮಾಗಿ ಬದಲಾಯಿಸಿಕೊಂಡು ಬಿಡುತ್ತಿದ್ದರು. "ಕಣ್ಣು ಅಂದ್ರೆ ಹುಡುಗಾಟ ಅಲ್ಲ" ಎನ್ನುವುದು ಅವರ ನಿತ್ಯದ ಮಾತು.

ನಾನು ಕಾಲೇಜು ಮುಗಿಸಿ ಮಧ್ಯಾಹ್ನ ಬಂದು ಲೆನ್ಸ್ ಒರೆಸಲು ಕೂರುತ್ತಿದ್ದೆ. ಒಂದು ದಿನ ನಾನು ಬರುವಾಗ ಒಳಗಿಂದ ಹೆಂಗಸೊಬ್ಬರ ನಗು ಬೀದಿಗೇ ಕೇಳಿಸುತ್ತಿತ್ತು. ನೋಡಿದರೆ, ನಮ್ಮ ಬೀದಿಯ ಬಸ್ಸಿನ ಕಂಡಕ್ಟರಮ್ಮ. ಅವರ ಕನ್ನಡಕದ ಕಡ್ಡಿ ಮುರಿದಿತ್ತು. ಅಪ್ಪ ಅದನ್ನು ಒಳಗೆ ಒಯ್ದಿದ್ದರು. ಆಕೆ ಬರಿಗಣ್ಣಿನಲ್ಲಿ ಮಿಟುಕಿಸುತ್ತ ಕೂತಿದ್ದರು, ಎದುರಿಗೆ ದಡಕ್ಕ ಧಾರಾಳವಾಗಿ ಮಾತಾಡುತ್ತಿದ್ದಳು! ಬಟ್ಟೆ ಅಂಗಡಿಯ ಗೊಂಬೆಯ ಕತೆ. "ನಾನು ಅಷ್ಟು ಮರ್ಯಾದೆಯಿಂದ ಕೇಳಿದೆ ಮೇಡಂ, ಅವರು ಕೈ ಬಿಟ್ಟರೇ ಹೊರತು ಬಾಯಿ ಬಿಡಲಿಲ್ಲ."

ಅಪ್ಪ ಕನ್ನಡಕ ತಂದುಕೊಟ್ಟರು. ಕಂಡಕ್ಟರಮ್ಮ ಹಾಕಿಕೊಂಡು ಸುತ್ತ ನೋಡಿದರು.

"ಈಗ ಇಲ್ಲಿ ಮಾತಾಡ್ತಿದ್ದೋರು ಎಲ್ಲಿ ಹೋದ್ರು?"

ದಡಕ್ಕ ಕೌಂಟರಿನ ಕೆಳಗೆ, ಬೀಳದೇ ಇದ್ದ ಸ್ಕ್ರೂ ಒಂದನ್ನು ಹುಡುಕುತ್ತಿದ್ದಳು.

ಹೀಗೆ ಅಕ್ಕತಂಗಿಯರಿಬ್ಬರಿಗೂ ವಿಷಯ ಗೊತ್ತಾಯಿತು. ಕನ್ನಡಕ ತೆಗೆದವರ ಮುಂದೆ ದಡಕ್ಕ ಬೇರೆಯೇ ಹುಡುಗಿ. ಕನ್ನಡಕದ ಅಂಗಡಿಗೆ ಬಂದವರು ಹೇಗೂ ಕನ್ನಡಕ ತೆಗೆಯಲೇಬೇಕು. ಇಡೀ ಊರಿನಲ್ಲಿ ಅವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇರಲಿಲ್ಲ.

ಅಂಗಡಿಯಲ್ಲಿ ಹತ್ತಿರದ ನೋಟ ಪರೀಕ್ಷಿಸಲು ಒಂದು ರಟ್ಟಿನ ಕಾರ್ಡು ಇತ್ತು. ಮೇಲೆ ದೊಡ್ಡ ಅಕ್ಷರ, ಬರಬರುತ್ತ ಚಿಕ್ಕದಾಗಿ, ಕೊನೆಯ ಸಾಲು ಇರುವೆ ಸಾಲಿನ ಹಾಗೆ. "ಸೂರ್ಯನು ಪೂರ್ವದಲ್ಲಿ ಉದಯಿಸುತ್ತಾನೆ. ಬೇಗ ಏಳುವುದು ಆರೋಗ್ಯಕ್ಕೆ ಒಳ್ಳೆಯದು" ಎಂಬಂಥ ಮಾತುಗಳು. ಹಳೆಯ ಗಿರಾಕಿಗಳಿಗೆ ಅದು ಬಾಯಿಪಾಠವಾಗಿ ಹೋಗಿತ್ತು. ಕಣ್ಣು ಕಾಣಲಿ ಬಿಡಲಿ, ಕೊನೆಯವರೆಗೂ ಗಡಗಡ ಹೇಳಿ "ಎಲ್ಲಾ ಸರಿಯಾಗಿದೆ" ಎಂದು ಎದ್ದು, ಬಾಗಿಲೆಂದುಕೊಂಡು ಕನ್ನಡಿಯ ಕಡೆ ನಡೆಯುತ್ತಿದ್ದರು.

"ಹೊಸದು ಬರೀಬೇಕು. ನಿನ್ನ ಸಣ್ಣಕ್ಷರ ದುಂಡಗಿದೆ, ನೀನೇ ಬರಿ," ಎಂದು ಅಪ್ಪ ದಡಕ್ಕನಿಗೆ ಹೇಳಿದರು. ಏನು ಬರೆಯಬೇಕೆಂದು ಹೇಳಲಿಲ್ಲ.

ಅವಳು ಬರೆದದ್ದು ಇದು. ಎಲ್ಲಕ್ಕಿಂತ ಮೇಲೆ, ದೊಡ್ಡದಾಗಿ: "ಒಬ್ಬಾತ ಕಳೆದುಹೋದ ಕನ್ನಡಕ ಹುಡುಕುತ್ತಿದ್ದ." ಅದಕ್ಕಿಂತ ಚಿಕ್ಕದಾಗಿ: "ಮಂಚದ ಕೆಳಗೆ ನೋಡಿದ, ಬೀರುವಿನ ಮೇಲೆ ನೋಡಿದ." ಇನ್ನೂ ಚಿಕ್ಕದಾಗಿ: "ಮೂಗಿನ ಮೇಲೆ ನೋಡಿಕೊಂಡಿರಾ ಎಂದು ಹೆಂಡತಿ ಕೇಳಿದಳು." ಕಟ್ಟಕಡೆಗೆ, ಇರುವೆ ಸಾಲು: "ನಿನಗೆ ಬುದ್ಧಿ ಇದೆಯೇನೇ? ಕನ್ನಡಕ ಇಲ್ಲದೆ ಮೂಗು ಹೇಗೆ ಕಾಣಬೇಕು?"

ಮೊದಲು ಓದಿದವರು ಒಬ್ಬ ನಿವೃತ್ತ ಜಡ್ಜು. ನಾಲ್ಕು ಜನರಲ್ಲಿ ನಗುವುದು ಅಪರಾಧ ಎನ್ನುವ ಮುಖ. ಅಪ್ಪ ಅವರ ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಕೂರಿಸಿ, ಗಾಜು ಹಾಕಿ, ಕಾರ್ಡು ಕೊಟ್ಟರು. ಜಡ್ಜು ಮೂರು ಸಾಲು ಓದಿ ನಿಂತರು.

"ಸಾಕು ಬಿಡಿ ಸಾರ್. ಅಷ್ಟು ಕಂಡ್ರೆ ಪೇಪರ್ ಓದಬಹುದು," ಎಂದರು ಅಪ್ಪ.

"ಸಾಕಾ? ಅವನು ಏನ್ ಹೇಳ್ದ ಅಂತ ಗೊತ್ತಾಗೋದು ಬೇಡ್ವಾ? ಇನ್ನೊಂದು ಗಾಜು ಹಾಕ್ರೀ."

ಅಪ್ಪ ಹಾಕಿದರು. ಜಡ್ಜು ಕಾರ್ಡನ್ನು ಹತ್ತಿರ ತಂದರು, ತುಟಿ ಅಲ್ಲಾಡಿಸಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಫ್ರೇಮು ಕುಣಿದು ಮೂಗಿನ ತುದಿಗೆ ಬಂತು. ಅಪ್ಪನಿಗೆ ಗಾಬರಿ. "ನಂಬರ್ ಜಾಸ್ತಿ ಆಯ್ತಾ ಸಾರ್? ತಲೆ ಸುತ್ತುತ್ತಾ?"

ಅವರು ಹೋದಮೇಲೆ ಅಪ್ಪ ಕಾರ್ಡನ್ನು ಕೈಗೆತ್ತಿಕೊಂಡರು. ತೋಳು ಚಾಚಿ ದೂರ ಹಿಡಿದು, ಮೊದಲ ಎರಡು ಸಾಲು ಗಟ್ಟಿಯಾಗಿ ಓದಿದರು. "ಕನ್ನಡಕ ಹುಡುಕೋದು... ಹ್ಞೂಂ, ನಮ್ಮ ವ್ಯಾಪಾರಕ್ಕೆ ಸಂಬಂಧಪಟ್ಟಿದ್ದೇ. ಇರಲಿ," ಎಂದು ಇಟ್ಟುಬಿಟ್ಟರು. ನಾನೂ ದಡಕ್ಕನೂ ಮುಖ ಮುಖ ನೋಡಿಕೊಂಡೆವು. ಮೂವತ್ತು ವರ್ಷ ಊರಿಗೆಲ್ಲ ಕನ್ನಡಕ ಹಾಕಿದ ಅಪ್ಪನಿಗೆ ಓದುವ ಕನ್ನಡಕ ಬೇಕಾಗಿತ್ತು. ಹಾಕಿಕೊಂಡಿರಲಿಲ್ಲ. ಗಾಜು ಉಜ್ಜುವ ಕೆಲಸವನ್ನು ಅವರ ಬೆರಳುಗಳೇ ನೋಡಿಕೊಳ್ಳುತ್ತಿದ್ದುದರಿಂದ ಯಾರಿಗೂ ತಿಳಿದಿರಲಿಲ್ಲ.

ಸುದ್ದಿ ಹಬ್ಬಿತು. ಕಣ್ಣು ನೆಟ್ಟಗಿದ್ದವರೂ "ಯಾಕೋ ಒಂದು ಸಲ ಪರೀಕ್ಷೆ ಮಾಡಿಸೋಣ ಅಂತ" ಬರತೊಡಗಿದರು. ಕಾರ್ಡು ಬಾಯಿಪಾಠವಾಗುವ ಮುಂಚೆ ದಡಕ್ಕ ಹೊಸದು ಬರೆಯುತ್ತಿದ್ದಳು. ನಗು ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ಕೌಂಟರಿನ ಹಿಂದೆ ಕೂತು ಕೇಳುತ್ತಿದ್ದಳು. ಒಂದು ಪದ ಹೆಚ್ಚಾಗಿದ್ದರೆ ನಗು ತಡವಾಗುತ್ತದೆ, ಹೇಳಬೇಕಾದ್ದನ್ನು ಎರಡನೆಯ ಸಾಲಿನಲ್ಲೇ ಹೇಳಿಬಿಟ್ಟರೆ ಕೊನೆಗೆ ಬರೀ ಮುಗುಳ್ನಗೆ. ಇವೆಲ್ಲ ಅವಳಿಗೆ ಅಲ್ಲೇ ತಿಳಿದವು. ಅಪ್ಪನಿಗೆ ಸಂತೋಷ, ಜೊತೆಗೆ ಚಿಂತೆ. "ಊರಿನೋರ ಕಣ್ಣೆಲ್ಲ ಒಟ್ಟಿಗೇ ಕೆಡ್ತಾ ಇದೆಯಲ್ಲ, ಏನಿದು?" ಎಂದು ಊಟಕ್ಕೆ ಕೂತಾಗ ಕೇಳುತ್ತಿದ್ದರು. ಅಜ್ಜಿ ತಟ್ಟೆಯ ಮೇಲೆ ಬಗ್ಗಿ ನಗು ನುಂಗುತ್ತಿದ್ದಳು.

ಆಮೇಲೆ ದಡಕ್ಕ ಧೈರ್ಯ ಮಾಡಿ ಒಂದು ಕಾರ್ಡು ಬರೆದಳು. "ಈ ಅಂಗಡಿಯ ಯಜಮಾನರು ಬಲು ಪ್ರಾಮಾಣಿಕರು. ಕಣ್ಣು ಚೆನ್ನಾಗಿರುವವರಿಗೆ ಕನ್ನಡಕ ಮಾರುವವರಲ್ಲ. ಕಣ್ಣು ಕಾಣದವರನ್ನು ಹಾಗೇ ಬಿಡುವವರೂ ಅಲ್ಲ." ಇಷ್ಟು ದೊಡ್ಡಕ್ಷರದಲ್ಲಿ. ಅಪ್ಪ ತೋಳು ಚಾಚಿ ಓದಿ, ಮನಸ್ಸು ಕರಗಿ, ಕಾರ್ಡನ್ನು ತಾವೇ ಒರೆಸಿ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಅದರ ಕೆಳಗೆ ಸಣ್ಣಕ್ಷರದಲ್ಲಿ "ಒಬ್ಬರನ್ನು ಬಿಟ್ಟು" ಎಂದಿತ್ತು. ಅದಕ್ಕೂ ಕೆಳಗೆ, ಇರುವೆ ಸಾಲಿನಲ್ಲಿ, "ಯಾರೆಂದು ತಿಳಿಯಬೇಕಾದರೆ ಈ ಸಾಲನ್ನು ಯಜಮಾನರಿಂದಲೇ ಓದಿಸಿ" ಎಂದಿತ್ತು.

ಶನಿವಾರ ಅಂಗಡಿ ತುಂಬ ಜನ. ಜಡ್ಜು ಬಂದಿದ್ದರು, ಕಂಡಕ್ಟರಮ್ಮ ಬಂದಿದ್ದರು, ಊರಿನ ಹವ್ಯಾಸಿ ನಾಟಕದ ತಂಡ ನಡೆಸುವ ಮೇಡಂ ಒಬ್ಬರು ಫ್ರೇಮು ಆರಿಸುತ್ತಿದ್ದರು. ಪರೀಕ್ಷೆಯ ಫ್ರೇಮು ಹಾಕಿಕೊಂಡ ಜಡ್ಜು ಕಾರ್ಡನ್ನು ಕೊನೆಯವರೆಗೂ ಓದಿದರು. ಈ ಸಲ ನಗಲಿಲ್ಲ. ಕೋರ್ಟಿನ ದನಿ ತೆಗೆದರು.

"ಈ ಕೊನೇ ಸಾಲಲ್ಲಿ ಒಂದಕ್ಷರ ನಂಗೆ ಅನುಮಾನ. ನೀವೇ ಸ್ವಲ್ಪ ಓದಿ ಹೇಳಿ."

ಅಪ್ಪ ಕಾರ್ಡು ತೆಗೆದುಕೊಂಡರು. ತೋಳು ಚಾಚಿದರು. ತೋಳು ಮುಗಿಯಿತು, ಅಕ್ಷರ ಕಾಣಲಿಲ್ಲ. ಬಾಗಿಲ ಬೆಳಕಿಗೆ ಹೋದರು. "ಶಾಯಿ ಸ್ವಲ್ಪ ಮಬ್ಬಾಗಿ ಬಿದ್ದಿದೆ," ಎಂದರು.

"ಇಲ್ಲಿಂದ ನಂಗೇ ಕಾಣ್ತಿದೆಯಲ್ಲ ಸಾರ್," ಎಂದರು ಕಂಡಕ್ಟರಮ್ಮ, ಅವರ ಹೆಗಲ ಮೇಲಿಂದ ಇಣುಕಿ.

ಜಡ್ಜು ಎದ್ದು, ತಮ್ಮ ಮೂಗಿನ ಮೇಲಿದ್ದ ಫ್ರೇಮನ್ನು ತೆಗೆದು, ಅಪ್ಪನ ಮೂಗಿನ ಮೇಲೆ ಜೋಪಾನವಾಗಿ ಕೂರಿಸಿದರು. ಅಪ್ಪ ಓದಿದರು. ಚಕ್ರದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ದಡಕ್ಕ ಯಾವಾಗಲೋ ಕೌಂಟರಿನ ಕೆಳಗೆ ಸೇರಿದ್ದಳು. ನನಗೂ ಅಲ್ಲೇ ಸೇರಿಕೊಳ್ಳೋಣ ಅನ್ನಿಸಿತು.

ಅಪ್ಪ ಕೆಮ್ಮಿದರು. ಮತ್ತೊಮ್ಮೆ ಕೆಮ್ಮಿದರು. ಮೂರನೆಯ ಕೆಮ್ಮು ದಾರಿಯಲ್ಲಿ ಕೈಕೊಟ್ಟು ನಗುವಾಗಿ ಹೊರಬಿತ್ತು. ಬಹಳ ಕಾಲದಿಂದ ತೆರೆಯದ ಬಾಗಿಲು ಕಿರ್ರೆಂದ ಹಾಗೆ ಮೊದಲು, ಆಮೇಲೆ ಹಾಡುವವರ ಹಾಗೆ ದೊಡ್ಡ ದನಿ. ಅಪ್ಪನ ನಗುವಿಗೆ ಅಷ್ಟು ದನಿ ಇದೆಯೆಂದು ಅವತ್ತೇ ನನಗೆ ಗೊತ್ತಾದದ್ದು. ಕಣ್ಣೊರೆಸಿಕೊಂಡು ಕೌಂಟರಿನ ಮೇಲೆ ಬಗ್ಗಿ ಹೇಳಿದರು:

"ಮೇಲೆ ಬಾರಮ್ಮ. ನಂಗೊಂದು ಫ್ರೇಮ್ ಆರಿಸು."

ದಡಕ್ಕ ದಡಕ್ಕನೆ ಎದ್ದಳು. ತಲೆ ಹಲಗೆಗೆ ಬಡಿದು, ಮೇಲಿದ್ದ ಫ್ರೇಮುಗಳ ತಟ್ಟೆ ನೆಲಕ್ಕೆ ಬಿತ್ತು.

"ಇರಲಿ ಬಿಡು, ಬಿದ್ದಿರೋದ್ರಲ್ಲೇ ಒಂದು ತಗೋತೀನಿ," ಎಂದರು ಅಪ್ಪ. ಅಂಗಡಿಯವರೆಲ್ಲ ಮತ್ತೆ ನಕ್ಕರು. ಅಪ್ಪ ಯಾರನ್ನಾದರೂ ನಗಿಸಿದ್ದು ಅದೇ ಮೊದಲು. ಅವರ ಮುಖ ನೋಡಬೇಕಿತ್ತು.

ನಾಟಕದ ಮೇಡಂ ಫ್ರೇಮು ಆರಿಸುವುದನ್ನು ಬಿಟ್ಟು ನಮ್ಮ ಬಳಿ ಬಂದರು. ಮೇಡಂ ಎತ್ತರದ ದನಿಯ, ಅವಸರದ ಹೆಂಗಸು. ಅವರ ತಂಡ ಒಂದು ದೊಡ್ಡ ದುಃಖದ ನಾಟಕ ಆಡುವುದಿತ್ತು. ನಡುವೆ ಅರಮನೆ ಕಿತ್ತು ಸೆರೆಮನೆ ನಿಲ್ಲಿಸಬೇಕು. ಬಡಗಿಗೆ ಕಾಲು ಗಂಟೆಯಾದರೂ ಬೇಕು.

"ಅಷ್ಟು ಹೊತ್ತು ಜನ ಎದ್ದು ಹೋಗದ ಹಾಗೆ ಪರದೆ ಮುಂದೆ ಏನಾದ್ರೂ ನಡೀಬೇಕು. ಇಬ್ಬರು ನಟರು, ಒಂದು ಕುರ್ಚಿ. ನೀನು ಬರೆದುಕೊಡ್ತೀಯಾ?"

ಮೇಡಂ ಕನ್ನಡಕ ಹಾಕಿಕೊಂಡಿದ್ದರು. ದಡಕ್ಕ ಕೆಂಪಾಗಿ ನನ್ನ ಕಿವಿಗೆ ಬಗ್ಗಿ, "ಆಗಲ್ಲ ಅಂತ ಹೇಳೇ," ಎಂದಳು.

"ಆಗುತ್ತಂತೆ ಮೇಡಂ," ಎಂದೆ ನಾನು.

ಆ ವಾರವೆಲ್ಲ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಆದರೆ ಬರೆದಳು. ಕನ್ನಡಕ ಒಡೆದುಕೊಂಡವನೊಬ್ಬ ಹೊಸದು ಮಾಡಿಸಲು ಹೊರಟು, ಕಣ್ಣು ಕಾಣದೆ ಪಕ್ಕದ ಕ್ಷೌರದ ಅಂಗಡಿಗೆ ನುಗ್ಗುತ್ತಾನೆ. "ಮುಂದೆ ಎಲ್ಲಾ ಮಂಜು ಮಂಜು," ಎನ್ನುತ್ತಾನೆ. "ಮುಂದಿನದು ತೆಗೆದುಬಿಡ್ತೀನಿ," ಎನ್ನುತ್ತಾನೆ ಕ್ಷೌರಿಕ. "ಎರಡೂ ಕಡೆ ಒಂದೇ ನಂಬರ್ ಬರುತ್ತಾ?" "ಎರಡೂ ಕಡೆ ಸಮ ಮಾಡೋದೇ ನನ್ನ ಕೆಲಸ ಸಾರ್." "ಹೋದ ಸಲ ಮಾಡಿಸಿದ್ದು ಎರಡು ವರ್ಷ ಬಂತು." "ಎರಡು ವರ್ಷ! ಅದಕ್ಕೇ ಹೀಗಿದೀರ!" ಹೀಗೇ ಸಾಗುತ್ತಿತ್ತು. ಬರೆದದ್ದನ್ನು ಅಜ್ಜಿಯ ಮುಂದೆ ಓದಿ, ಅಜ್ಜಿ ನಗಲು ಉಸಿರು ಎಳೆದುಕೊಂಡ ಕಡೆಯೆಲ್ಲ ಗೆರೆ ಹಾಕಿಕೊಂಡು ಬಂದಳು.

ಅಭ್ಯಾಸ ನಡೆಯುತ್ತಿದ್ದುದು ಪೀಠೋಪಕರಣದ ಗೋದಾಮಿನ ಮೇಲಿನ ಹಾಲ್‌ನಲ್ಲಿ. ಮರದ ಪುಡಿಯ, ವಾರ್ನಿಷಿನ ವಾಸನೆ. ಕಣ್ಣು ಕಾಣದವನ ಪಾತ್ರಕ್ಕೆ ಒಬ್ಬ ಪೋಸ್ಟ್‌ಮನ್, ಕ್ಷೌರಿಕನ ಪಾತ್ರಕ್ಕೆ ದೊಡ್ಡ ಮೀಸೆಯ ಒಬ್ಬ ಗುಮಾಸ್ತ. ಇಬ್ಬರೂ ಒಳ್ಳೆಯವರು, ಉತ್ಸಾಹ ಜಾಸ್ತಿ. ನಗಿಸಲೇಬೇಕೆಂದು ಪಣ ತೊಟ್ಟವರ ಹಾಗೆ ಕಣ್ಣು ತಿರುಗಿಸುತ್ತಿದ್ದರು, ಕೀರಲು ದನಿ ತೆಗೆಯುತ್ತಿದ್ದರು. ಹೊಸ್ತಿಲು ಎಡವುವ ಕಡೆ ಪೋಸ್ಟ್‌ಮನ್ ಮೂರು ಸುತ್ತು ಉರುಳಿ ಕಾಲು ಮೇಲೆತ್ತುತ್ತಿದ್ದ. ಯಾರಿಗೂ ನಗು ಬರಲಿಲ್ಲ. ದಡಕ್ಕ ಜೋಡಿಸಿಟ್ಟ ಕುರ್ಚಿಗಳ ಹಿಂದೆ ಕೂತು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು, ನಾನು ಗಟ್ಟಿಯಾಗಿ ಹೇಳುತ್ತಿದ್ದೆ. ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ನೆಗಡಿ ಬಂದು ನನ್ನ ಗಂಟಲು ಪೂರ್ತಿ ಕಟ್ಟಿಹೋಯಿತು. ಬಾಯಿ ಬಿಟ್ಟರೆ ಗಾಳಿಯೇ ಬರುತ್ತಿತ್ತು.

"ಯಾಕೆ ನಗು ಬರ್ತಿಲ್ಲ? ಯಾರಾದ್ರೂ ಹೇಳ್ರಪ್ಪಾ!" ಎಂದು ಮೇಡಂ ತಲೆ ಹಿಡಿದುಕೊಂಡರು.

ಕುರ್ಚಿಗಳ ಹಿಂದಿನಿಂದ ಒಂದು ಸಣ್ಣ ದನಿ ಬಂತು. "ಬೀಳಬೇಡಿ."

"ಏನಂದ್ರಿ?" ಎಂದ ಪೋಸ್ಟ್‌ಮನ್.

ದಡಕ್ಕ ಎದ್ದು ನಿಂತಳು. ಕುತ್ತಿಗೆ ಕೆಂಪಾಗಿತ್ತು. "ಬೇಕೂಂತ ಬೀಳಬೇಡಿ. ಬೀಳೋರು ಯಾರೂ ಬೀಳಬೇಕು ಅನ್ಕೊಂಡಿರಲ್ಲ. ಬಿದ್ದಮೇಲೆ ಅವರಿಗೆ ಬೇಕಾಗಿರೋದು ಒಂದೇ, ಬಿದ್ದೇ ಇಲ್ಲ ಅನ್ನೋ ಹಾಗೆ ಇರಬೇಕು. ನಾನು ತೋರಿ..." ಎನ್ನುತ್ತ ವೇದಿಕೆಯ ಕಡೆ ನಡೆದಳು. ತೋರಿಸುವ ಮೊದಲೇ, ನಿಜವಾಗಿಯೇ, ವೇದಿಕೆಯ ಮೆಟ್ಟಿಲಿಗೆ ಕಾಲು ತಗುಲಿ ಮುಗ್ಗರಿಸಿದಳು. ಸಾವರಿಸಿಕೊಂಡು ನಿಂತಳು. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು. ತೋಳಿನ ಮಡಿಕೆ ಸರಿಮಾಡಿಕೊಂಡಳು. ಆಮೇಲೆ ಮೆಟ್ಟಿಲ ಕಡೆ ತಿರುಗಿ, ತಪ್ಪೆಲ್ಲ ಅದರದ್ದೇ ಎಂಬಂತೆ, ಗುರುಗಳು ಶಿಷ್ಯನನ್ನು ನೋಡುವ ಹಾಗೆ ನೋಡಿದಳು.

ಇಡೀ ಹಾಲ್ ನಗುವಿನಿಂದ ತುಂಬಿಹೋಯಿತು. ಕೆಳಗಿನ ಗೋದಾಮಿನವರು ಏನಾಯಿತೆಂದು ಮೆಟ್ಟಿಲು ಹತ್ತಿ ಬಂದರು. ದಡಕ್ಕ ಓಡುತ್ತಾಳೆಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಅವಳು ಓಡಲಿಲ್ಲ. ನಗು ಇಳಿಯುವವರೆಗೆ ಕಾದು, "ಹೀಗೇ," ಎಂದಳು. "ಈಗ ಆಗಿದ್ದು ಬೇಕೂಂತ ಅಲ್ಲ. ಆದ್ರೆ ಹೀಗೇ."

"ಇನ್ನೊಂದ್ಸಲ ನೋಡಬಹುದಾ?" ಎಂದು ಪೋಸ್ಟ್‌ಮನ್ ಬಹಳ ವಿನಯದಿಂದ ಕೇಳಿದ. ಅವತ್ತಿನಿಂದ ಇಬ್ಬರು ನಟರೂ ಅವಳನ್ನು ಬಿಡಲಿಲ್ಲ. ಅವಳೂ ನನ್ನ ಕಿವಿಯನ್ನು ಬಿಟ್ಟಳು.

ನಾಟಕದ ಸಂಜೆ ಸಭಾಂಗಣ ತುಂಬಿತ್ತು. ಅಪ್ಪ ಹೊಸ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಮೂರನೆಯ ಸಾಲಿನಲ್ಲಿ, ಅವರ ಒಂದು ಬದಿಗೆ ಅಮ್ಮ, ಇನ್ನೊಂದು ಬದಿಗೆ ಅಜ್ಜಿ. ದಡಕ್ಕನಿಗೆ ಒಳಗೆ ಕೂರುವುದು ಸಾಧ್ಯವೇ ಆಗಲಿಲ್ಲ. ನಾವಿಬ್ಬರೂ ಹಿಂಬಾಗಿಲ ಮೆಟ್ಟಿಲ ಮೇಲೆ, ಸೈಕಲ್ಲುಗಳ ಪಕ್ಕ ಕೂತೆವು. ಒಳಗೆ ಅರಮನೆಯ ಅಳು ಮುಗಿಯಿತು, ಪರದೆ ಇಳಿಯಿತು, ಕುರ್ಚಿ ಎಳೆದ ಸದ್ದು. ಪೋಸ್ಟ್‌ಮನ್ ಮಾತು ಶುರುವಾಯಿತು. ನಿಶ್ಶಬ್ದ. ಎರಡನೆಯ ಮಾತು. ನಿಶ್ಶಬ್ದ.

"ನಡಿಯೇ, ಮನೆಗೆ ಹೋಗೋಣ," ಎಂದಳು.

ಅಷ್ಟರಲ್ಲಿ ಗೋಡೆಯೊಳಗಿಂದ ನಗು ಬಂತು. ಗೋಡೆಯೇ ನಕ್ಕ ಹಾಗೆ. ಅದು ನಿಲ್ಲುವ ಮೊದಲೇ ಇನ್ನೊಂದು. ಆಮೇಲೆ, ಎಲ್ಲರ ನಗು ಇಳಿದ ಮೇಲೆ, ಒಂದೇ ಒಂದು ತೆಳ್ಳನೆಯ ನಗು. ದಡಕ್ಕ ಬಾಗಿಲನ್ನು ಬೆರಳಷ್ಟು ತೆರೆದು ಇಣುಕಿದಳು. ಕಣ್ಣು ಕಾಣದ ಅಜ್ಜಿ "ಈಗ ಏನ್ ಮಾಡ್ದ? ಏನ್ ಮಾಡ್ದ?" ಎಂದು ಗಟ್ಟಿಯಾಗಿ ಕೇಳುತ್ತಿದ್ದಳು, ಅಪ್ಪ ವಿವರಿಸುತ್ತಿದ್ದರು, ಆಮೇಲೆ ಅಜ್ಜಿ ನಗುತ್ತಿದ್ದಳು. ನಟರಿಬ್ಬರೂ ಅಜ್ಜಿಯ ನಗು ಬರುವವರೆಗೆ ಕಾದು ಮುಂದಿನ ಮಾತಾಡುತ್ತಿದ್ದರು. ಅಜ್ಜಿ ನಕ್ಕಾಗ ಸಭೆ ಮತ್ತೊಮ್ಮೆ ನಗುತ್ತಿತ್ತು.

ಹೀಗೆ ಚೆಂದವಾಗಿ ನಡೆಯುತ್ತಿದ್ದಾಗ ಮೇಡಂ ಸೆರಗು ಸಿಕ್ಕಿಸಿಕೊಂಡು ಓಡಿಬಂದರು.

"ಏ ಹುಡುಗೀ, ಕೆಟ್ಟೆವು! ಬಡಗಿ ಸುತ್ತಿಗೆ ಕೆಳಗಿಟ್ಟು ನಗ್ತಾ ಕೂತಿದ್ದಾನೆ. ಸೆರೆಮನೆಗೆ ಒಂದೇ ಗೋಡೆ ಆಗಿದೆ! ಇನ್ನೂ ಸ್ವಲ್ಪ ಹೊತ್ತು ಎಳೀಬೇಕು!"

ಬರೆದದ್ದು ಮುಗಿಯುತ್ತ ಬಂದಿತ್ತು. ದಡಕ್ಕ ಏನೂ ಯೋಚಿಸಲಿಲ್ಲ. ವೇದಿಕೆಯ ಪಕ್ಕದ ಮರೆಗೆ ಓಡಿದಳು. ದಾರಿಯಲ್ಲಿ ಒಂದು ಬಕೆಟ್ಟು ಉರುಳಿತು. ಮೀಸೆಯ ಗುಮಾಸ್ತನಿಗೆ ಕೈಸನ್ನೆ ಮಾಡಿ ಒಂದು ಟವೆಲ್ ಚಾಚಿದಳು. ಆತ ಟವೆಲ್ ತರಲು ಬಂದವನ ಹಾಗೆ ಮರೆಗೆ ಬಂದ. ಅವಳು ಕಿವಿಯಲ್ಲಿ ಒಂದು ಮಾತು ಹೇಳಿದಳು. ಆತ ಹೋಗಿ ಹೇಳಿದ. ನಗು. ಮತ್ತೆ ಬಾಚಣಿಗೆಗೆ ಬಂದ, ಇನ್ನೊಂದು ಮಾತು ಒಯ್ದ. ಮತ್ತೆ ಸೋಪಿಗೆ, ಮತ್ತೆ ನೀರಿಗೆ. ಹೀಗೆ ಕ್ಷೌರಿಕ ಓಡಾಡುವುದನ್ನು ಕಂಡು ಪೋಸ್ಟ್‌ಮನ್, "ಕನ್ನಡಕ ಮಾಡೋಕೆ ಇಷ್ಟೆಲ್ಲಾ ಸಾಮಾನು ಬೇಕೇನ್ರೀ?" ಎಂದು ತಾನೇ ಒಂದು ಸೇರಿಸಿದ. ದಡಕ್ಕ ಮರೆಯಲ್ಲಿ ಚಪ್ಪಾಳೆ ತಟ್ಟಿಬಿಟ್ಟಳು. ಅವಳ ಕಣ್ಣು ಹೊಳೆಯುತ್ತಿತ್ತು, ಮುಖದ ತುಂಬ ಬೆವರು. ಸೆರೆಮನೆಯ ನಾಲ್ಕೂ ಗೋಡೆ ನಿಂತು, ಬಡಗಿ ಬಂದು "ಆಯ್ತು" ಎಂದಾಗ, "ಅಯ್ಯೋ, ಅಷ್ಟು ಬೇಗನಾ?" ಎಂದಳು.

ಆಮೇಲಿನದು ಸರಾಗವಾಗಿ ನಡೆಯಿತು. ಮೇಡಂ ಅವಳನ್ನು ಕೈಹಿಡಿದು ರೇಡಿಯೋದವರ ಬಳಿ ಕರೆದುಕೊಂಡು ಹೋದರು. ವಾರಕ್ಕೊಂದು ಸಲ ಬರುವ ಹಾಸ್ಯದ ಕಾರ್ಯಕ್ರಮಕ್ಕೆ ಬರೆಯುವವರು ಬೇಕಾಗಿದ್ದರು. ಅವಳು ಬರೆದು ತೋರಿಸಿದ ಮೂರು ಪುಟ ಓದಿ, ಅಲ್ಲಿನ ಹಿರಿಯರು "ನಾಳೆಯಿಂದ ಬಾಮ್ಮ," ಎಂದರಂತೆ. ಅಂಗಡಿಯ ಕಾರ್ಡುಗಳನ್ನು ಬಿಡುವಾದಾಗ ಬರೆದುಕೊಡುವುದಾಗಿ ಅಪ್ಪನಿಗೆ ಮಾತು ಕೊಟ್ಟು ಹೋದಳು.

ಮೊದಲ ದಿನ ಮುಗಿಸಿ ಸಂಜೆ ಮನೆಗೆ ಬಂದಳು. ನಾವೆಲ್ಲ ಅಡುಗೆಮನೆಯಲ್ಲಿ ಅವಳಿಗಾಗಿ ಕಾದಿದ್ದೆವು. ಅಮ್ಮ ಟೀ ಲೋಟ ಮುಂದಿಟ್ಟಳು.

"ಏನ್ ಕೆಲಸ ಕೊಟ್ರು?" ಎಂದರು ಅಪ್ಪ.

"ಕತೇಲಿ ಒಬ್ಬ ಮಾವನ ಮನೆಗೆ ತರಕಾರಿ ಹೊತ್ಕೊಂಡು ಹೋಗ್ತಾನೆ. ಅದು ಬದನೆಕಾಯಿ ಆದ್ರೆ ನಗು ಬರುತ್ತೋ ಕುಂಬಳಕಾಯಿ ಆದ್ರೆ ನಗು ಬರುತ್ತೋ ಅಂತ ಮೂರು ಜನ ಇಡೀ ದಿನ ಜಗಳ ಆಡಿದ್ವಿ."

"ಇಡೀ ದಿನ?"

"ಮಧ್ಯೆ ಊಟಕ್ಕೆ ಬಿಟ್ರು."

"ಇದಕ್ಕೆ ಸಂಬಳ ಕೊಡ್ತಾರಾ?" ಎಂದು ಅಮ್ಮ ಬೆರಗಾದಳು.

"ಕೊಡ್ತಾರಂತೆ ಅಮ್ಮಾ! ನಂಗೂ ನಂಬೋಕಾಗ್ತಿಲ್ಲ."

ಅಪ್ಪ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಕುಂಬಳಕಾಯೀನೇ," ಎಂದರು ಕೊನೆಗೆ. "ಹೊರೋಕೆ ಕಷ್ಟ. ಕಷ್ಟಪಟ್ಟು ಹೊತ್ಕೊಂಡು ಹೋದಷ್ಟೂ ನಗು ಜಾಸ್ತಿ."

"ರೇಡಿಯೋದಲ್ಲಿ ಹೊರೋದು ಕಾಣುತ್ತೇನ್ರೀ?" ಎಂದಳು ಅಮ್ಮ. "ಬದನೆಕಾಯಿ ಅನ್ನಲಿ. ಬಾಯಲ್ಲಿ ಹೇಳೋಕೇ ಮಜಾ ಇದೆ."

"ಸೋರೆಕಾಯಿ ಯಾರೂ ಹೇಳಲಿಲ್ವಾ?" ಎಂದೆ ನಾನು.

"ಸೋರೆಕಾಯಿ!" ಎಂದು ದಡಕ್ಕ ಲೋಟ ಕೆಳಗಿಟ್ಟಳು. "ಸೋರೆಕಾಯಿ ಯೋಚನೇನೇ ಬರಲಿಲ್ಲ ಕಣೇ ನಮಗೆ."

ಅಜ್ಜಿ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಒಂದು ನಿಮಿಷ ತಡೀರಿ," ಎಂದಳು. "ಮೂರನ್ನೂ ಒಂದೊಂದ್ಸಲ ಹೇಳು. ಸಾವಕಾಶ ಹೇಳು. ನಾನು ಕಣ್ಣು ಮುಚ್ಕೊಂಡು ಕೇಳ್ತೀನಿ."

ದಡಕ್ಕ ಗಂಟಲು ಸರಿಮಾಡಿಕೊಂಡು, ಅಜ್ಜಿಯ ಎದುರಿಗೆ ನೆಟ್ಟಗೆ ಕೂತು, "ಬದನೆಕಾಯಿ," ಎಂದಳು.